ಅರ್ಕಾವೊತ್ತು ಮುಗಿದುಹೋದ ಪುಸ್ತಕ

ಕಾಸರಗೋಡಿನಲ್ಲಿ ನಾನು ಮುದ್ರಣಾಲಯ ನಡೆಸಿದ ಕಾಲದಲ್ಲಿ ನಮಗೆ ಅನ್ನ ಕೊಟ್ಟದ್ದು ಪುಸ್ತಕಗಳಲ್ಲ. ಮದುವೆ ಕಾಗದ, ಬ್ರಹ್ಮಕಲಶದ ಆಮಂತ್ರಣ, ಯಕ್ಷಗಾನದ ಕರಪತ್ರ, ರಶೀದಿ ಪುಸ್ತಕ ಇವು. ಆದರೂ ಇಂದಿಗೂ ಪುಟಪುಟವಾಗಿ ನೆನಪಿರುವುದು 1983ರ ಮಳೆಗಾಲದಲ್ಲಿ ಅಚ್ಚು ಹಾಕಿದ 96 ಪುಟಗಳ ಒಂದು ಪುಸ್ತಕ. ನಿವೃತ್ತ ಅಧ್ಯಾಪಕರೊಬ್ಬರು ವೇಷವಿಲ್ಲದೆ ಕುಳಿತು ನಡೆಸುವ ಯಕ್ಷಗಾನವಾದ ತಾಳಮದ್ದಳೆಯ ಅರ್ಥಗಾರಿಕೆಯ, ಅಂದರೆ ಪದ್ಯಕ್ಕೆ ಪಾತ್ರವಾಗಿ ಅರ್ಥ ಹೇಳುವ ಕಲೆಯ, ಕುರಿತು ಬರೆದಿದ್ದ ಆ ಹಸ್ತಪ್ರತಿಗೆ ಪ್ರಕಾಶಕರು ಸಿಕ್ಕಿರಲಿಲ್ಲ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ಇಂಥದ್ದನ್ನು ಕೊಳ್ಳುವವರು ಐನೂರು ಮಂದಿಯಾದರೂ ಇರಲಾರರೇ ಎಂಬ ಧೈರ್ಯದಿಂದ ಕಾಗದದ ಖರ್ಚನ್ನು ನಾನೇ ವಹಿಸಿಕೊಂಡೆ. ಹೀಗೆ ಮುದ್ರಕನಾಗಿದ್ದವನು ಪ್ರಕಾಶಕನೂ ಆದೆ.

ಲೆಕ್ಕ ಸರಳವಾಗಿತ್ತು. ನಮ್ಮದು 10×15 ಇಂಚಿನ ಟ್ರೆಡಲ್ ಅಚ್ಚುಯಂತ್ರ. 20×30 ಇಂಚಿನ ಡಬಲ್ ಕ್ರೌನ್ ಹಾಳೆಯನ್ನು ನಾಲ್ಕು ತುಂಡು ಮಾಡಿದರೆ ಒಂದು ತುಂಡಿನ ಒಂದು ಮಗ್ಗುಲಿಗೆ 4 ಪುಟ, ಎರಡೂ ಮಗ್ಗುಲು ಸೇರಿ 8 ಪುಟ. ಪ್ರತಿಯೊಂದಕ್ಕೆ 12 ತುಂಡು, 500 ಪ್ರತಿಗೆ 6,000 ತುಂಡು, ಅಂದರೆ 1,500 ಹಾಳೆ, 3 ರೀಮು. ಹಾಳಾಗುವುದಕ್ಕೆಂದು ಇನ್ನಷ್ಟು ಹಾಳೆ. ಆದರೆ ಕಾಗದಕ್ಕಿಂತ ದೊಡ್ಡ ಕೊರತೆ ಅಚ್ಚುಮೊಳೆಗಳದ್ದು. ನಮ್ಮ ಕೇಸುಗಳಲ್ಲಿ, ಅಂದರೆ ಅಕ್ಷರಕ್ಕೊಂದು ಮನೆಯಿರುವ ತಟ್ಟೆಗಳಲ್ಲಿ, ಇದ್ದ ಮೊಳೆ ಹೆಚ್ಚೆಂದರೆ ಎಂಟು ಪುಟಕ್ಕೆ ಸಾಕಾಗುತ್ತಿದ್ದುದರಿಂದ, ನಾಲ್ಕು ಪುಟ ಜೋಡಿಸಿ, ಕರಡು ತಿದ್ದಿಸಿ, ಅಚ್ಚು ಹಾಕಿ, ಸೀಮೆಎಣ್ಣೆಯಲ್ಲಿ ಮಸಿ ತೊಳೆದು, ಮೊಳೆಗಳನ್ನು ಬಿಡಿಸಿ ಅವುಗಳ ಮನೆಗಳಿಗೆ ಹಾಕಿದ ಮೇಲೆಯೇ ಮುಂದಿನ ಪುಟಗಳಿಗೆ ಕೈ ಹಾಕಬೇಕಾಗುತ್ತಿತ್ತು.

ಕೋಣೆಯ ಒಂದು ಗೋಡೆಗೆ ಕನ್ನಡದ ಕೇಸುಗಳು, ಎದುರು ಗೋಡೆಗೆ ಮಲಯಾಳದವು. 1971ರ ಲಿಪಿ ಸುಧಾರಣೆಯ ಬಳಿಕ ಮಲಯಾಳದ ಕೂಡಕ್ಷರಗಳು ಬಹಳಷ್ಟು ಬಿಡಿಬಿಡಿಯಾಗಿ, ಆ ಕಡೆ ಕೆಲಸ ಹಗುರವಾಗಿತ್ತು. ಕನ್ನಡದ ಒತ್ತುಗಳು ಮಾತ್ರ ಒಂದೂ ಕಡಿಮೆಯಾಗಲಿಲ್ಲ. ಕಲ್ಲಚ್ಚಿನವರಿಗೆ ಈ ತಾಪತ್ರಯವಿರಲಿಲ್ಲ, ಕೈಯಲ್ಲಿ ಬರೆದದ್ದನ್ನು ಕಲ್ಲು ಹಾಗೆಯೇ ಒಪ್ಪಿಸುತ್ತದೆ. 1843ರಲ್ಲಿ ಪಾದ್ರಿ ಮೋಗ್ಲಿಂಗ್ ಮಂಗಳೂರಿನಲ್ಲಿ ಹೊರಡಿಸಿದ ‘ಮಂಗಳೂರು ಸಮಾಚಾರ’ ಮೂಡಿದ್ದು ಕಲ್ಲಚ್ಚಿನಲ್ಲೇ. ಅದೇ ಊರಿನ ಬಾಸೆಲ್ ಮಿಷನ್ ಮುದ್ರಣಾಲಯ 1872ರಲ್ಲಿ ಗುಂಡರ್ಟರ ಮಲಯಾಳ ನಿಘಂಟನ್ನೂ 1894ರಲ್ಲಿ 1,700ಕ್ಕೂ ಹೆಚ್ಚು ಪುಟಗಳ ಕಿಟ್ಟೆಲ್ ಕನ್ನಡ ನಿಘಂಟನ್ನೂ ಅಚ್ಚು ಹಾಕಿತು. ಎರಡು ಗೋಡೆಗಳ ನಡುವೆ ದಿನವಿಡೀ ಓಡಾಡುತ್ತಿದ್ದ ನನಗೆ, ಅವರ ಕೋಣೆಯಲ್ಲಿ ಎಷ್ಟು ಕೇಸು ಮೊಳೆ ಇದ್ದೀತು ಎಂಬುದೇ ಸೋಜಿಗ.

ನಮ್ಮ ಪುಸ್ತಕ ಮೊದಲ ದಿನವೇ ತೊಡರಿತು. ತಾಳಮದ್ದಳೆಯ ಪುಸ್ತಕವೆಂದರೆ ಸಾಲುಸಾಲಿಗೂ ಅರ್ಥ, ಅರ್ಥಧಾರಿ. ಪಾತ್ರಗಳೆಂದರೆ ಕರ್ಣ, ಅರ್ಜುನ, ಧರ್ಮರಾಯ. ಮೂರನೆಯ ಪುಟ ಮುಗಿಯುವ ಮೊದಲೇ ಅರ್ಕಾವೊತ್ತಿನ, ಅಂದರೆ ಮುಂದಿನ ಅಕ್ಷರದ ಬಲಕ್ಕೆ ಕೂರುವ ಅರ್ಧ ರಕಾರದ ಗುರುತಿನ, ಮನೆ ಖಾಲಿಯಾಯಿತು. ರಕಾರವನ್ನು ಪೂರ್ತಿ ಇಟ್ಟು ಮುಂದಿನ ಅಕ್ಷರವನ್ನು ಒತ್ತಾಗಿ ಕೊಡುವ ಕ್ರಮವೂ ಇದೆ. ಆದರೆ ಥ ಒತ್ತು, ಣ ಒತ್ತುಗಳು ನಮ್ಮಲ್ಲಿ ಅದಕ್ಕಿಂತಲೂ ಕಡಿಮೆ ಇದ್ದವು. ಕೊನೆಗೆ ಅಂಕೆಗಳ ಮನೆಯಿಂದ ೯ನ್ನು ತೆಗೆದು ಅರ್ಕಾವೊತ್ತಿನ ಜಾಗದಲ್ಲಿ ಕೂರಿಸಿದೆ. ಮೊಳೆ ಜೋಡಿಸುವ ಕಂಪೋಸಿಂಗ್ ಸ್ಟಿಕ್ಕಿನಲ್ಲಿ ಅ, ಜು, ೯, ನ ಎಂದು ಇಟ್ಟರೆ ಓದುವವನಿಗೆ ಅದು ಅರ್ಜುನನೇ. ಬೆಳಕಿಗೆ ಹಿಡಿದು ನೋಡಿದರೆ ಮಾತ್ರ ಅಂಕೆ ತುಸು ದಪ್ಪ, ತುಸು ಎತ್ತರ.

೯ ಕೂಡ ಸಾಲದೆ ಬಂದಾಗ ಪುಸ್ತಕ ಬರೆದ ಮಾಸ್ಟ್ರ ಮನೆಗೆ ಹೋದೆ. ಕರ್ಣನನ್ನು ರಾಧೇಯನೆಂದೂ ಅರ್ಜುನನನ್ನು ಕಿರೀಟಿಯೆಂದೂ ಅಲ್ಲಲ್ಲಿ ಬದಲಿಸಲು ಅವರು ತಕರಾರಿಲ್ಲದೆ ಒಪ್ಪಿದರು. ‘ಅರ್ಥ’ ಎಂಬಲ್ಲಿ ‘ಮಾತು’ ಎಂದು ಹಾಕೋಣವೇ ಎಂದು ಕೇಳಿದ್ದೇ ತಡ, ಕನ್ನಡಕ ತೆಗೆದರು. “ಅರ್ಥ ಹೇಳುವುದೂ ಮಾತಾಡುವುದೂ ಒಂದೇ ಆಗುತ್ತದಾ ಮಾರಾಯರೇ? ನಿಮ್ಮಲ್ಲಿ ಮೊಳೆ ಇಲ್ಲ ಎಂದು ಶೇಣಿಯವರಂಥ ಅರ್ಥಧಾರಿಗಳು ಅರ್ಥ ಹೇಳುವುದು ಬಿಟ್ಟು ಮಾತಾಡಲಿಕ್ಕಾಗುತ್ತದಾ?” ಎಂದರು. ನ್ಯಾಯ ಅವರ ಕಡೆಗಿತ್ತು. ಆದರೂ ಆ ಪುಸ್ತಕದಲ್ಲಿ ಎಷ್ಟು ಕಡೆ ರಾಧೇಯ ಬಂದಿದ್ದಾನೋ ಅಷ್ಟು ಕಡೆಯೂ ಸಂಪಾದಕ ನಾನೇ, ನನ್ನ ಕೇಸೇ.

ಇದನ್ನು ಯಾರೂ ಗಮನಿಸುವುದಿಲ್ಲ. 1867ರ ಮುದ್ರಣ ಕಾಯಿದೆ ಮಾತ್ರ ಮುದ್ರಕನನ್ನು ಮರೆತಿರಲಿಲ್ಲ: ಪುಸ್ತಕದ ಮೇಲೆ ಮುದ್ರಕನ ಹೆಸರು, ಅಚ್ಚಾದ ಸ್ಥಳ, ಪ್ರಕಟಿಸಿದ್ದಾದರೆ ಪ್ರಕಾಶಕನ ಹೆಸರು, ಸ್ಥಳ ಇರಲೇಬೇಕೆಂದು ಅದು ಹೇಳುತ್ತಿತ್ತು, ಬರೆದವನ ಹೆಸರನ್ನು ಕೇಳುತ್ತಿರಲಿಲ್ಲ. ಆಳುವವರಿಗೆ ಬೇಕಾಗಿದ್ದುದು ಹಿಡಿದು ವಿಚಾರಿಸಲು ಸಿಗುವ ಮನುಷ್ಯ. ಯಂತ್ರವನ್ನು ಹೊತ್ತುಕೊಂಡು ಓಡಲು ಸಾಧ್ಯವಿಲ್ಲವಲ್ಲ. ಹಾಗೆ ನಮ್ಮ ಪುಸ್ತಕದ ಎರಡನೆಯ ಪುಟದಲ್ಲಿ ನನ್ನ ಹೆಸರು ಎರಡು ಸಲ ಬಂತು, ಕೆಳಗೆ ‘ಕಾಸರಗೋಡು, ಕಣ್ಣೂರು ಜಿಲ್ಲೆ’ ಎಂದು. ನಮ್ಮದು ಬೇರೆ ಜಿಲ್ಲೆಯಾದದ್ದು ಮರುವರ್ಷ ಮೇ ತಿಂಗಳಲ್ಲಿ.

ಕೊನೆಯ ಹಾಳೆಗೆ ಬಂದಾಗ ನನ್ನ ಜಾಣತನಕ್ಕೆ ಪೆಟ್ಟು ಬಿತ್ತು. 89ರಿಂದ 96ರವರೆಗಿನ ಎಂಟು ಪುಟಗಳಲ್ಲಿ ಒಂಬತ್ತಿಲ್ಲದ ಪುಟಸಂಖ್ಯೆ ಒಂದೂ ಇಲ್ಲ. ನಮ್ಮಲ್ಲಿದ್ದ ೯ಗಳೆಲ್ಲ ಆಗಲೇ ಅರ್ಥಧಾರಿಗಳ ತಲೆಯ ಪಕ್ಕದಲ್ಲಿ ಕುಳಿತಿದ್ದವು. ಕಬ್ಬಿಣದ ಚೌಕಟ್ಟಾದ ಚೇಸಿನಲ್ಲಿ ಪುಟಗಳನ್ನು ಬಿಗಿದಾಗಿತ್ತು, ಬೈಂಡಿಂಗಿನವನು ಬಾಗಿಲಲ್ಲಿ ನಿಂತಿದ್ದ. ಆ ಎಂಟು ಪುಟಗಳಿಗೆ ಮಾತ್ರ ಇಂಗ್ಲಿಷ್ ಅಂಕೆ ಹಾಕಿದೆ. ಕಾನೂನಿನಂತೆ ಕೊಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಅಂಚೆಯಲ್ಲಿ ಕಳುಹಿಸಿದ ಪ್ರತಿಯೂ ಹಾಗೆಯೇ ಹೋಯಿತು.