ಬೆಕ್ಕಿನ ಮರಿ ಫಾಸ್ಟರ್ ಮಾಡ್ತೀರಾ? ಮೊದ್ಲು ಒಂದು ತಕ್ಕಡಿ ತಗೊಳ್ಳಿ

ಬೇಸಿಗೆ ಶುರುವಾಯ್ತು ಅಂದ್ರೆ ನನ್ನ ಫೋನಿಗೆ ಒಂದೇ ಥರದ ಮೆಸೇಜು ಬರಕ್ಕೆ ಶುರು, ಮಳೆ ಹಿಡಿಯೋವರೆಗೂ ನಿಲ್ಲಲ್ಲ. ಬೇಸ್‌ಮೆಂಟಲ್ಲಿ ಮೂರು ಮರಿ ಇದೆ, ಕಾರಿನ ಬಾನೆಟ್ ಒಳಗಿಂದ ಕಿರುಚ್ತಾ ಇದೆ, ಸೈಟಲ್ಲಿ ಇಟ್ಟಿಗೆ ಎತ್ತಿದ್ರೆ ಅಡಿಯಲ್ಲಿ ನಾಲ್ಕು ಸಿಕ್ತು, ಯಾರಾದ್ರೂ ಎರಡು ವಾರ ಇಟ್ಕೊಳ್ತೀರಾ ಪ್ಲೀಸ್. ಬೆಂಗಳೂರಲ್ಲಿ ರೆಸ್ಕ್ಯೂ ಮಾಡೋರಿಗೆ ಕಮ್ಮಿ ಇಲ್ಲ, ಕ್ಯೂಪಾ ಅನ್ನೋ ಪ್ರಾಣಿ ರಕ್ಷಣೆ ಸಂಸ್ಥೆ ಅಂತೂ 1991ರಿಂದ ಇದೆ, ಆದ್ರೆ ಹಾಲು ಕುಡಿಯೋ ಮರಿಗೆ ಎಷ್ಟೇ ಒಳ್ಳೆ ಶೆಲ್ಟರ್ ಆದ್ರೂ ಸರಿಯಾದ ಜಾಗ ಅಲ್ಲ, ಅಲ್ಲಿ ಹತ್ತು ಕಡೆಯಿಂದ ಬಂದ ಪ್ರಾಣಿ ಇರತ್ತೆ, ಕಾಯಿಲೆ ಬೇಗ ಹರಡತ್ತೆ, ರಾತ್ರಿ ಎರಡು ಗಂಟೆಗೆ ಎದ್ದು ಬಾಟ್ಲಿ ಹಿಡಿಯೋರು ಯಾರು? ಅದಕ್ಕೇ ಮನೆ ಬೇಕು, ಸಾಕೋರು ಸಿಗೋವರೆಗೂ ಮರಿನ ಇಟ್ಕೊಂಡು ನೋಡ್ಕೊಳ್ಳೋ ಮನೆ, ಅದನ್ನೇ ಫಾಸ್ಟರ್ ಅನ್ನೋದು. ದೊಡ್ಡ ಮನೆ ಬೇಡ, ಬಾಗಿಲು ಹಾಕ್ಬಹುದಾದ ಒಂದು ರೂಮು ಅಥವಾ ಒಂದು ಬಚ್ಚಲುಮನೆ ಸಾಕು.

ಆದ್ರೆ ಎತ್ಕೊಂಡು ಬರೋಕ್ ಮುಂಚೆ ಸ್ವಲ್ಪ ತಡೀರಿ. ನಮ್ಮ ಅಜ್ಜಿ ಹೇಳೋರು, ಬೆಕ್ಕು ಮರಿಗೆ ಏಳು ಮನೆ ತೋರಿಸತ್ತೆ ಅಂತ. ಏಳೋ ಐದೋ, ಜಾಗ ಬದಲಾಯಿಸೋದಂತೂ ನಿಜ, ಒಂದೊಂದೇ ಮರಿನ ಬಾಯಲ್ಲಿ ಕಚ್ಕೊಂಡು ಹೋಗ್ತಾ ಇರತ್ತೆ, ಆ ಮಧ್ಯದಲ್ಲಿ ನೀವು ನೋಡಿದ್ರೆ ಅನಾಥ ಮರಿ ಅನ್ಸತ್ತೆ. ಮರಿ ಹೊಟ್ಟೆ ಗುಂಡಗಿದ್ದು, ಮೈ ಕ್ಲೀನಾಗಿದ್ದು, ಸುಮ್ನೆ ಮಲಗಿದ್ರೆ ತಾಯಿ ಅಲ್ಲೇ ಎಲ್ಲೋ ಊಟಕ್ಕೆ ಹೋಗಿದೆ ಅಂತ ಅರ್ಥ. ದೂರ ನಿಂತು ಒಂದೆರಡು ಗಂಟೆ ಕಾಯಿರಿ, ಅಲ್ಲೇ ನಿಂತ್ಕೊಂಡ್ರೆ ಅದು ಬರಲ್ಲ. ಕಾಯಕ್ಕೆ ಆಗಲ್ಲ ಅಂದ್ರೆ ಮರಿಗಳ ಸುತ್ತ ರಂಗೋಲಿ ಥರ ಅಕ್ಕಿಹಿಟ್ಟು ಉದುರಿಸಿ ಹೋಗಿ, ವಾಪಸ್ ಬಂದಾಗ ಹೆಜ್ಜೆ ಗುರುತು ಇದ್ರೆ ತಾಯಿ ಬಂದು ಹೋಗಿದೆ ಅಂತ ಗೊತ್ತಾಗತ್ತೆ. ಮನುಷ್ಯರು ಮುಟ್ಟಿದ್ರೆ ತಾಯಿ ಸೇರಿಸ್ಕೊಳ್ಳಲ್ಲ ಅನ್ನೋದೆಲ್ಲ ಸುಳ್ಳು. ಮೈ ತಣ್ಣಗಿದೆ, ಇರುವೆ ಮುತ್ತಿದೆ, ಕಣ್ಣು ಗೀಜು ಕಟ್ಟಿ ಮುಚ್ಚಿದೆ, ಎಡೆಬಿಡದೆ ಕೂಗ್ತಾ ಇದೆ ಅಂದ್ರೆ ಮಾತ್ರ ತಡ ಮಾಡ್ಬೇಡಿ. ತಾಯಿನೂ ಸಿಕ್ಕಿದ್ರೆ ಒಟ್ಟಿಗೇ ತನ್ನಿ, ನಿಮ್ಮ ಮುಕ್ಕಾಲು ಕೆಲಸ ಅವಳೇ ಮಾಡ್ತಾಳೆ.

ಈಗ ತಕ್ಕಡಿ ವಿಷಯ. ನಾನು ಮೊದಲನೇ ಸಲ ಮೂರು ಮರಿ ತಂದಾಗ ನನ್ನ ಹತ್ರ ಟವೆಲ್ಲು, ಬಾಟ್ಲಿ, ಬುಟ್ಟಿ, ಗೊಂಬೆ ಎಲ್ಲ ಇತ್ತು, ತಕ್ಕಡಿ ಇರ್ಲಿಲ್ಲ. ಸಣ್ಣ ಮರಿ ಹಾಲು ಕುಡೀತಾ ಇದೆ ಅಂತ್ಲೇ ಅಂದ್ಕೊಂಡಿದ್ದೆ, ಅದು ಬಾಟ್ಲಿ ನಿಪ್ಪಲ್ ಚೀಪ್ತಾ ಇತ್ತೇ ಹೊರತು ಹೊಟ್ಟೆಗೆ ಹೋಗ್ತಾ ಇರ್ಲಿಲ್ಲ, ಮೂರನೇ ದಿನ ಬೆಳಿಗ್ಗೆ ಹೋಗ್ಬಿಟ್ಟಿತ್ತು. ನೋಡಕ್ಕೆ ಚೆನ್ನಾಗೇ ಇತ್ತು, ಅದೇ ಮೋಸ. ಅಡುಗೆಮನೆಯಲ್ಲಿ ಇಟ್ಕೊಳ್ಳೋ ಡಿಜಿಟಲ್ ತಕ್ಕಡಿ ತಗೊಳ್ಳಿ, ಗ್ರಾಂ ಲೆಕ್ಕ ತೋರಿಸೋದು, ಮೇಲೆ ಒಂದು ಪ್ಲಾಸ್ಟಿಕ್ ಡಬ್ಬ ಇಟ್ಟು ಸೊನ್ನೆ ಮಾಡಿ ಮರಿ ಇಡಿ. ದಿನಾ ಒಂದೇ ಟೈಮಿಗೆ ತೂಕ ಹಾಕಿ ಗೋಡೆ ಮೇಲೆ ಒಂದು ಹಾಳೆ ಅಂಟಿಸಿ ಬರೀರಿ. ಹುಟ್ಟಿದಾಗ ಸುಮಾರು 100 ಗ್ರಾಂ ಇರತ್ತೆ, ದಿನಕ್ಕೆ 10ರಿಂದ 15 ಗ್ರಾಂ ಏರ್ಬೇಕು, ಒಂದು ತಿಂಗಳಿಗೆ ಹೆಚ್ಚು ಕಮ್ಮಿ ಅರ್ಧ ಕೆಜಿ, ಎರಡು ತಿಂಗಳಿಗೆ ಒಂದು ಕೆಜಿ ಹತ್ರ. ಒಂದು ದಿನ ಏರ್ಲಿಲ್ಲ ಅಂದ್ರೆ ಕಣ್ಣಿಡಿ, ಇಳೀತು ಅಂದ್ರೆ ಅವತ್ತೇ ಡಾಕ್ಟ್ರ ಹತ್ರ, ನಾಳೆ ನೋಡೋಣ ಅನ್ನೋದು ಮರಿ ವಿಷಯದಲ್ಲಿ ನಡೆಯಲ್ಲ.

ವಯಸ್ಸು ಹೇಗೆ ಹೇಳೋದು? ಕಣ್ಣು ಪೂರ್ತಿ ಮುಚ್ಚಿದ್ರೆ ಒಂದು ವಾರದ ಒಳಗೆ, ಕಣ್ಣು ಬಿಡೋದು ಒಂದರಿಂದ ಎರಡು ವಾರದ ಮಧ್ಯೆ, ಮೂರನೇ ವಾರದಲ್ಲಿ ಕಿವಿ ನಿಮಿರತ್ತೆ, ತೂರಾಡ್ಕೊಂಡು ನಡೆಯತ್ತೆ, ಮುಂದಿನ ಪುಟಾಣಿ ಹಲ್ಲು ಬೆರಳಿಗೆ ಸಿಗತ್ತೆ. ಗಂಡೋ ಹೆಣ್ಣೋ ಅಂತ ಬಾಲ ಎತ್ತಿ ನೋಡಿದ್ರೆ, ಎರಡು ಚುಕ್ಕೆ ಇದ್ರೆ ಗಂಡು, ಚುಕ್ಕೆ ಕೆಳಗೆ ಸಣ್ಣ ಗೆರೆ ಇದ್ರೆ ಹೆಣ್ಣು, ಆದ್ರೂ ತಪ್ಪಾಗತ್ತೆ, ನಮ್ಮನೇಲಿ "ರಾಜಣ್ಣ" ಅಂತ ಕರ್ಸ್ಕೊಂಡು ಹೋದವಳು ಈಗ ಮರಿ ಆಗದ ಹಾಗೆ ಆಪರೇಷನ್ ಆಗಿ ಆರಾಮಾಗಿದಾಳೆ. ಕಪ್ಪು ಬಿಳಿ ಕೇಸರಿ ಮೂರೂ ಬಣ್ಣ ಇದ್ರೆ ಮಾತ್ರ ಕಣ್ಮುಚ್ಚಿ ಹೆಣ್ಣು ಅನ್ನಿ, ಗಂಡು ಇರೋದು ತೀರಾ ಅಪರೂಪ.

ಮೂರು ವಾರದ ಒಳಗಿನ ಮರಿಗೆ ಹಾಲಿಗಿಂತ ಮೊದಲು ಬೇಕಾಗಿರೋದು ಬಿಸಿ. ಇದನ್ನ ಎಷ್ಟು ಸಲ ಹೇಳಿದ್ರೂ ಸಾಲಲ್ಲ. ಮೈ ತಣ್ಣಗಿರೋ ಮರಿಗೆ ಹಾಲು ಕುಡ್ಸಿದ್ರೆ ಜೀರ್ಣ ಆಗಲ್ಲ, ಶ್ವಾಸಕ್ಕೆ ಹೋಗೋ ಅಪಾಯನೂ ಜಾಸ್ತಿ. ಎದೆಗೆ ಒತ್ತಿ ಇಟ್ಕೊಂಡು ಮೆಲ್ಲಗೆ ಬಿಸಿ ಮಾಡಿ, ಬಿಸಿನೀರಿನ ಬಾಟ್ಲಿನ ದಪ್ಪ ಟವೆಲ್ಲಲ್ಲಿ ಸುತ್ತಿ ಡಬ್ಬದ ಒಂದು ಕಡೆ ಮಾತ್ರ ಇಡಿ, ಸೆಖೆ ಆದ್ರೆ ಇನ್ನೊಂದು ಕಡೆಗೆ ತೆವಳ್ಕೊಂಡು ಹೋಗಕ್ಕೆ ಜಾಗ ಇರ್ಬೇಕು. ಮೊದಲನೇ ವಾರ ಗೂಡು 30 ಡಿಗ್ರಿ ಮೇಲೆ ಇರ್ಬೇಕು, ನಮ್ಮ ಡಿಸೆಂಬರ್ ರಾತ್ರಿಗೆ ಬಾಟ್ಲಿ ಒಂದೆರಡು ಗಂಟೆಗೆ ತಣ್ಣಗಾಗ್ಬಿಡತ್ತೆ, ಅಲಾರಂ ಇಡಿ. ಸೋತು ಬಿದ್ದಿರೋ ಮರಿಗೆ ಡಾಕ್ಟ್ರ ಹತ್ರ ಹೋಗೋ ದಾರೀಲಿ ಒಸಡಿಗೆ ಒಂದು ಹನಿ ಸಕ್ಕರೆ ನೀರು ಸವರ್ಬಹುದು, ಸವರೋದು ಅಷ್ಟೇ, ಬಾಯಿಗೆ ಸುರಿಯೋದಲ್ಲ.

ಹಾಲು. ಬೆಕ್ಕು ಅಂದ್ರೆ ಹಾಲು ಅಂತ ನಾವೆಲ್ಲ ಬೆಳೆದು ಬಂದಿದೀವಿ, ತೆನಾಲಿ ರಾಮನ ಬೆಕ್ಕು ಹಾಲು ಕಂಡ್ರೆ ಓಡ್ತಿತ್ತಲ್ಲ, ನನಗೀಗ ಅನ್ಸತ್ತೆ ಆ ಬೆಕ್ಕೇ ಬುದ್ಧಿವಂತ. ಹಸುವಿನ ಹಾಲು, ನಂದಿನಿ ಪ್ಯಾಕೆಟ್ಟು, ನೀರು ಬೆರೆಸಿದ್ರೂ ಅಷ್ಟೇ, ಮರಿಗೆ ಭೇದಿ ಹಿಡಿಯತ್ತೆ, ಸಣ್ಣ ಮರಿ ಭೇದಿಯಲ್ಲಿ ನೀರು ಕಳ್ಕೊಂಡ್ರೆ ಒಂದು ದಿನಾನೂ ತಡೆಯಲ್ಲ. ಬೆಕ್ಕಿನ ಮರಿಗೇ ಅಂತ ಹಾಲಿನ ಪುಡಿ ಬರತ್ತೆ, ಪೆಟ್ ಅಂಗಡಿಯಲ್ಲಿ ಕೆಎಂಆರ್ ಅಂತ ಕೇಳಿ. ಡಬ್ಬದ ಮೇಲಿನ ಲೆಕ್ಕದ ಪ್ರಕಾರ ಕಲಸಿ, ಉಗುರುಬೆಚ್ಚಗೆ, ಮಣಿಕಟ್ಟಿನ ಮೇಲೆ ಒಂದು ಹನಿ ಹಾಕಿ ನೋಡಿ. ಎರಡು ವಾರದ ಒಳಗಿನದಕ್ಕೆ ಎರಡು ಮೂರು ಗಂಟೆಗೊಂದ್ಸಲ, ರಾತ್ರಿನೂ. ಆಮೇಲೆ ನಾಲ್ಕು ಗಂಟೆ, ಮೂರು ವಾರ ದಾಟಿದ್ಮೇಲೆ ಐದಾರು ಗಂಟೆ. ಇಲ್ಲಿ ಎಲ್ಲರೂ ಮಾಡೋ ತಪ್ಪು ಏನಂದ್ರೆ ಮಗುನ ತೊಡೆ ಮೇಲೆ ಅಂಗಾತ ಮಲಗಿಸ್ಕೊಂಡ ಹಾಗೆ ಮರಿನೂ ಮಲಗಿಸ್ಕೊಳ್ಳೋದು, ಹಾಗೆ ಮಾಡಿದ್ರೆ ಹಾಲು ಶ್ವಾಸಕೋಶಕ್ಕೆ ಹೋಗತ್ತೆ. ತಾಯಿ ಹತ್ರ ಹೇಗೆ ಕುಡಿಯತ್ತೋ ಹಾಗೆ ಹೊಟ್ಟೆ ಕೆಳಗೆ, ತಲೆ ಸ್ವಲ್ಪ ಮೇಲೆ. ಮೂಗಲ್ಲಿ ಹಾಲು ಬಂದ್ರೆ ತಕ್ಷಣ ನಿಲ್ಸಿ, ತಲೆ ತಗ್ಗಿಸಿ ಒರೆಸಿ. ಸಿರಿಂಜಲ್ಲಿ ಒತ್ತಿ ಹಾಕ್ಬೇಡಿ, ಅದೇ ಚೀಪ್ಬೇಕು.

ಕುಡ್ಸಿದ್ಮೇಲೆ ಇನ್ನೊಂದು ಕೆಲಸ, ಯಾರೂ ಮೊದಲೇ ಹೇಳಿರಲ್ಲ. ಮೂರು ವಾರದವರೆಗೂ ಮರಿಗೆ ತಾನಾಗೇ ಒಂದ, ಎರಡ ಮಾಡಕ್ಕೆ ಬರಲ್ಲ, ತಾಯಿ ನೆಕ್ಕಿ ಮಾಡಿಸತ್ತೆ, ಈಗ ತಾಯಿ ನೀವು. ಬೆಚ್ಚಗಿನ ನೀರಲ್ಲಿ ಹತ್ತಿ ಅದ್ದಿ ಮೆತ್ತಗೆ ತಟ್ಟಿ, ಉಚ್ಚೆ ಪ್ರತಿ ಸಲ ಬರ್ಬೇಕು, ಎರಡು ದಿನಕ್ಕೆ ಒಂದ್ಸಲ ಬಂದ್ರೂ ಕಕ್ಕ ಓಕೆ. ನಾಲ್ಕನೇ ವಾರಕ್ಕೆ ಒಂದು ಚಪ್ಪಟೆ ಟ್ರೇಯಲ್ಲಿ ಮರಳೋ ಪೇಪರ್ ಚೂರೋ ಹಾಕಿಡಿ, ಊಟ ಆದ ಕೂಡ್ಲೆ ಅದರೊಳಗೆ ಬಿಟ್ರೆ ಎರಡು ದಿನದಲ್ಲಿ ತಾನೇ ಕಲಿಯತ್ತೆ, ನಮ್ಮ ಮಕ್ಕಳಿಗಿಂತ ವಾಸಿ. ನೀರು ತಾಗಿದ್ರೆ ಗಟ್ಟಿಯಾಗೋ ಲಿಟರ್ (ಬೆಕ್ಕಿನ ಟ್ರೇಗೆ ಅಂತ ಅಂಗಡಿಯಲ್ಲಿ ಸಿಗೋ ಮರಳಿನ ಥರದ್ದು) ಮಾತ್ರ ಸಣ್ಣವಕ್ಕೆ ಬೇಡ, ತಿಂದು ನೋಡ್ತಾವೆ, ಹೊಟ್ಟೆಯಲ್ಲೂ ಹಾಗೇ ಗಟ್ಟಿಯಾಗತ್ತೆ.

ಅದೇ ನಾಲ್ಕು ವಾರಕ್ಕೆ ಊಟ ಶುರು, ನಮ್ಮಂಥ ಮನೇಲಿ ಜಗಳನೂ ಶುರು. ನಮ್ಮನೆ ಸಸ್ಯಾಹಾರಿ, ಅಮ್ಮ ಬೆಕ್ಕು ತರೋಕೆ ಬೇಡ ಅನ್ಲಿಲ್ಲ, ಆದ್ರೆ ಹಾಲನ್ನ ಹಾಕಿದ್ರೆ ಸಾಕು ಕಣೇ, ಹಳ್ಳೀಲಿ ಅದನ್ನೇ ತಿಂದು ಬೆಳೀತಿದ್ವಲ್ಲ ಅಂದ್ರು. ಹಳ್ಳಿ ಬೆಕ್ಕು ಹಾಲನ್ನ ತಿಂದು ಹಿತ್ತಲಲ್ಲಿ ಇಲಿನೂ ಹಿಡೀತಿತ್ತು ಅಮ್ಮ, ಅದನ್ನ ನೀವು ನೋಡಿಲ್ಲ ಅಷ್ಟೇ. ಬೆಕ್ಕು ಮಾಂಸ ತಿಂದೇ ಬದುಕೋ ಪ್ರಾಣಿ, ಟಾರಿನ್ ಅನ್ನೋ ಅಂಶ ಅದಕ್ಕೆ ಮಾಂಸದಿಂದ್ಲೇ ಸಿಗ್ಬೇಕು, ಸಿಗ್ಲಿಲ್ಲ ಅಂದ್ರೆ ಕಣ್ಣು, ಹೃದಯ ಎರಡೂ ಕೆಡತ್ತೆ. ನಮ್ಮನೇಲಿ ಆದ ಒಪ್ಪಂದ ಹೀಗೆ: ಅಡುಗೆಮನೆಗೆ ಬರಲ್ಲ, ಕಿಟನ್ ಪೌಚು ಮತ್ತೆ ನೆನೆಸಿದ ಕಿಟನ್ ಡ್ರೈ ಫುಡ್ ಯುಟಿಲಿಟಿಯಲ್ಲಿ, ಬೇರೆ ತಟ್ಟೆ, ಬೇರೆ ಸ್ಪಾಂಜು. ಮಾಂಸ ಬೇಯಿಸೋ ಮನೆಯವ್ರು ಉಪ್ಪು ಖಾರ ಇಲ್ಲದ ಚಿಕನ್ ಸ್ವಲ್ಪ ಕೊಡ್ಬಹುದು, ಈರುಳ್ಳಿ ಬೆಳ್ಳುಳ್ಳಿ ಸೋಕಿರ್ಬಾರ್ದು, ಅವೆರಡೂ ಬೆಕ್ಕಿಗೆ ವಿಷ. ಬರೀ ಚಿಕನ್ನಲ್ಲೇ ಬೆಳೆಸೋದೂ ಸರಿ ಅಲ್ಲ.

ವಿಷ ಅಂದ್ಮೇಲೆ ಮನೆ ಒಂದು ಸುತ್ತು ಹಾಕಿ ಬನ್ನಿ. ನೆಲ ಒರೆಸೋ ಫಿನಾಯಿಲು, ಡೆಟಾಲು, ಇವುಗಳಲ್ಲಿರೋ ಫೀನಾಲ್ ಜಾತಿ ಕೆಮಿಕಲ್ ಬೆಕ್ಕಿನ ಲಿವರ್‌ಗೆ ತಡೆಯಕ್ಕಾಗಲ್ಲ, ನೆಲದ ಮೇಲೆ ನಡೆದು ಕಾಲು ನೆಕ್ಕಿದ್ರೂ ಹೊಟ್ಟೆಗೆ ಹೋಗತ್ತೆ. ಬೀರುವಿನ ನುಸಿಗುಳಿಗೆ, ಹೂದಾನಿಯ ಲಿಲ್ಲಿ ಹೂವು. ಎಲ್ಲಕ್ಕಿಂತ ಮುಖ್ಯ, ಡೋಲೋ ಕ್ರೋಸಿನ್ ಥರದ ಪ್ಯಾರಾಸಿಟಮಾಲ್. ಜ್ವರ ಅಂತ ಚೂರು ಮುರಿದು ಕೊಟ್ರೆ ಬೆಕ್ಕು ಸಾಯತ್ತೆ, ಇದನ್ನ ಪ್ರೀತಿಯಿಂದ್ಲೇ ಮಾಡಿ ಕಳ್ಕೊಂಡವರನ್ನ ನಾನು ನೋಡಿದೀನಿ. ನಾಯಿಗೆ ಅಂತ ಬರೋ ಉಣ್ಣಿ ಔಷಧಿನೂ ಹಾಗೇ, ಪರ್ಮೆಥ್ರಿನ್ ಇರೋದು ಬೆಕ್ಕಿಗೆ ಹಾಕಿದ್ರೆ ಫಿಟ್ಸ್ ಬರತ್ತೆ. ತೀರಾ ಸಣ್ಣ ಮರಿ ಮೈಯಲ್ಲಿ ಚಿಗಟ ಇದ್ರೆ ಚಿಗಟದ ಬಾಚಣಿಗೆಯಲ್ಲಿ ಬಾಚಿ ಸೋಪು ನೀರಿಗೆ ಅದ್ದಿ ಅಷ್ಟೇ.

ನಿಮ್ಮನೇಲಿ ಮೊದಲೇ ಬೆಕ್ಕಿದ್ರೆ ಎರಡು ವಾರ ಪೂರ್ತಿ ಬೇರೆ ರೂಮು, ಇದರಲ್ಲಿ ಮುಲಾಜಿಲ್ಲ. ಪ್ಯಾನ್‌ಲ್ಯುಕೋಪೀನಿಯಾ ಅಂತ ಒಂದು ವೈರಸ್ ಇದೆ, ವಾಂತಿ, ಭೇದಿ, ಊಟ ಬಿಡೋದು, ನೀರಿನ ಬಟ್ಟಲ ಮುಂದೆ ತಲೆ ತಗ್ಗಿಸಿ ಕೂತಿರೋದು, ಎರಡು ದಿನದಲ್ಲಿ ಇಡೀ ಮರಿಗಳ ಗುಂಪು ಹೋಗ್ಬಿಡತ್ತೆ. ನೆಲದಲ್ಲಿ, ಬಟ್ಟೇಲಿ ತಿಂಗಳುಗಟ್ಟಲೆ ಬದುಕಿರತ್ತೆ, ಸಾಮಾನ್ಯ ಸೋಪಿಗೆ ಸಾಯಲ್ಲ, ಬ್ಲೀಚ್ ಒಂದು ಪಾಲಿಗೆ 32 ಪಾಲು ನೀರು ಬೆರೆಸಿ ಹತ್ತು ನಿಮಿಷ ನೆನೆಯಕ್ಕೆ ಬಿಡ್ಬೇಕು, ಆಮೇಲೆ ನೀರಲ್ಲಿ ಚೆನ್ನಾಗಿ ತೊಳೀಬೇಕು. ಮರಿ ರೂಮಿಗೆ ಅಂತ ಒಂದು ಹಳೇ ನೈಟಿ, ಒಂದು ಜೊತೆ ಚಪ್ಪಲಿ ಇಟ್ಕೊಳ್ಳಿ, ಆಚೆ ಬರುವಾಗ ಬಿಟ್ಟು ಬನ್ನಿ. ನಿಮ್ಮ ಬೆಕ್ಕಿನ ವ್ಯಾಕ್ಸಿನ್ ಬಾಕಿ ಇದ್ರೆ ಫಾಸ್ಟರ್ ಮಾಡೋದೇ ಬೇಡ, ಮೊದ್ಲು ಅದು ಮುಗೀಲಿ.

ಡಾಕ್ಟ್ರ ಹತ್ರ ಮೊದಲನೇ ಸಲ ಹೋದಾಗ ಜಂತುಹುಳದ ಔಷಧಿ ಕೇಳಿ, ಎರಡು ವಾರದ ಮರಿಯಿಂದ್ಲೇ ಶುರು ಮಾಡಿ ಎರಡೆರಡು ವಾರಕ್ಕೆ ಕೊಡ್ತಾರೆ, ಡೋಸು ತೂಕದ ಮೇಲೆ (ಗೋಡೆ ಮೇಲಿನ ಹಾಳೆ ಫೋಟೋ ತಗೊಂಡು ಹೋಗಿ). ಆರರಿಂದ ಎಂಟು ವಾರಕ್ಕೆ ಮೊದಲನೇ ಟ್ರೈಕ್ಯಾಟ್ ಇಂಜೆಕ್ಷನ್ (ಪ್ಯಾನ್‌ಲ್ಯುಕೋಪೀನಿಯಾ ಸೇರಿ ಮೂರು ಕಾಯಿಲೆಗೆ ವ್ಯಾಕ್ಸಿನ್), ಮೂರ್ನಾಲ್ಕು ವಾರ ಬಿಟ್ಟು ಮತ್ತೆ, ರೇಬೀಸ್ ಮೂರು ತಿಂಗಳಿಗೆ. ಬೆಂಗಳೂರಲ್ಲಿ ಕ್ವೀನ್ಸ್ ರೋಡ್ ಸರ್ಕಾರಿ ಪಶು ಆಸ್ಪತ್ರೆ, ಹೆಬ್ಬಾಳದ ವೆಟರ್ನರಿ ಕಾಲೇಜು ಇದಾವೆ, ಖಾಸಗಿಯವರ ಬಿಲ್ಲು ನೋಡಿ ಹೆದರಿದವರಿಗೆ. ಬಿಲ್ ಯಾರು ಕಟ್ತಾರೆ ಅನ್ನೋದನ್ನ ಮರಿ ಮನೆಗೆ ಬರೋಕ್ ಮುಂಚೆ ರೆಸ್ಕ್ಯೂ ಮಾಡಿದವರ ಹತ್ರ ಮೆಸೇಜಲ್ಲೇ ಬರೆಸ್ಕೊಳ್ಳಿ, "ನೋಡ್ಕೊಳ್ಳೋಣ ಬಿಡಿ" ಅಂದವರು ಆಮೇಲೆ ಫೋನ್ ಎತ್ತಲ್ಲ. ಎರಡು ವಾರ ಅಂದ್ರೆ ಎರಡು ತಿಂಗಳು ಅಂತ್ಲೇ ಲೆಕ್ಕ ಹಾಕಿ.

ಕಚ್ಚಿದ್ರೆ, ಆಳವಾಗಿ ಪರಚಿದ್ರೆ, ಮರಿ ತಾನೆ ಅಂತ ಸುಮ್ನಿರ್ಬೇಡಿ, ಸೋಪು ಹಾಕಿ ಹರಿಯೋ ನೀರಲ್ಲಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ ರೇಬೀಸ್ ಇಂಜೆಕ್ಷನ್ ಹಾಕಿಸ್ಕೊಳ್ಳಿ, ಬೀದಿಯಿಂದ ಬಂದ ಬೆಕ್ಕಿನ ಹಿನ್ನೆಲೆ ಯಾರಿಗೂ ಗೊತ್ತಿರಲ್ಲ. ಮನೇಲಿ ಬಸುರಿ ಇದ್ರೆ ಅವ್ರು ಲಿಟರ್ ಮುಟ್ಟೋದು ಬೇಡ.

ಎರಡರಿಂದ ಏಳು ವಾರದವರೆಗೆ ಮರಿ ಯಾರನ್ನ ನೋಡತ್ತೋ ಅವ್ರನ್ನ ನಂಬತ್ತೆ. ಆ ಟೈಮಲ್ಲಿ ಎತ್ಕೊಳ್ಳಿ, ಮಿಕ್ಸಿ ಸದ್ದು, ಕುಕ್ಕರ್ ಸೀಟಿ ದೂರದಿಂದ ಕೇಳಿಸ್ಲಿ, ಪಕ್ಕದ್ಮನೆ ಮಕ್ಕಳು ಕೈ ತೊಳೆದು ಬಂದು ಕೂತ್ಕೊಳ್ಲಿ. ಕೈ ಬೆರಳನ್ನ ಆಟದ ಸಾಮಾನು ಮಾಡ್ಬೇಡಿ, ಈಗ ಕಚಗುಳಿ, ಆರು ತಿಂಗಳಾದ್ಮೇಲೆ ರಕ್ತ. ಬುಸ್ ಅನ್ನೋ ಮರಿ ಬಂದ್ರೆ ಅಟ್ಟಿಸ್ಕೊಂಡು ಹಿಡೀಬೇಡಿ, ಪಕ್ಕದಲ್ಲಿ ಕೂತು ಫೋನ್ ನೋಡ್ತಾ ಸ್ಪೂನಲ್ಲಿ ಪೌಚ್ ಊಟ ಚಾಚಿ, ಮೂರ್ನಾಲ್ಕು ದಿನದಲ್ಲಿ ಸ್ಪೂನ್ ಹಿಂದೆ ಕೈ ಇದೆ ಅಂತ ಮರೆತೇ ಹೋಗತ್ತೆ.

ಕೊಡೋದು ಕಷ್ಟ. ನನಗೆ ಮೊದಲನೇ ಸಲ ಆಗ್ಲೇ ಇಲ್ಲ, ಆ ಎರಡೂ ಮರಿ ಈಗ ಈ ಕೀಬೋರ್ಡ್ ಪಕ್ಕನೇ ಮಲಗಿದಾವೆ, ಆಮೇಲೆ ಒಂದು ವರ್ಷ ಬೇರೆ ಮರಿ ತರಕ್ಕೆ ಮನೇಲಿ ಜಾಗ ಇರ್ಲಿಲ್ಲ. ಇಟ್ಕೊಂಡ್ಬಿಟ್ರೆ ಫಾಸ್ಟರ್ ಮನೆ ಒಂದು ಮುಚ್ಚಿದ ಹಾಗೆ. ಅದಕ್ಕೇ ಎಂಟು ವಾರ ತುಂಬೋ ಮುಂಚೆನೇ ಫೋಟೋ ಹಾಕಕ್ಕೆ ಶುರು ಮಾಡಿ, ಬೆಳಿಗ್ಗೆ ಕಿಟಕಿ ಬೆಳಕಲ್ಲಿ, ಕಪ್ಪು ಮರಿಗೆ ತಿಳಿ ಬಣ್ಣದ ಬೆಡ್‌ಶೀಟ್ ಮೇಲೆ. ಕಪ್ಪು ಮರಿನ ಕೇಳೋರೇ ಕಮ್ಮಿ, ಅಡ್ಡ ಬಂದ್ರೆ ಅಪಶಕುನ ಅನ್ನೋರು ಐಟಿ ಕಂಪನಿಯಲ್ಲೂ ಇದಾರೆ. ಕೇಳಿದವರಿಗೆಲ್ಲ ಕೊಡ್ಬೇಡಿ. ಬಾಲ್ಕನಿಗೆ ಮೆಶ್ ಇದ್ಯಾ ವಿಡಿಯೋ ಕಳ್ಸಿ ಅನ್ನಿ (ಪಾರಿವಾಳಕ್ಕೆ ಹಾಕೋ ನೈಲಾನ್ ಬಲೆ ಹಲ್ಲಲ್ಲಿ ಕಡ್ಕೊಂಡು ಹೋಗತ್ತೆ), ಮನೆ ಓನರ್ ಒಪ್ಪಿದಾರಾ ಕೇಳಿ, ಆಪರೇಷನ್ ಮಾಡಿಸ್ತೀವಿ ಅಂತ ಬರೆಸ್ಕೊಳ್ಳಿ, ಹೆಣ್ಣು ಬೆಕ್ಕು ನಾಲ್ಕೈದು ತಿಂಗಳಿಗೇ ಬಸುರಿ ಆಗ್ಬಹುದು, ಎರಡು ತಿಂಗಳಲ್ಲಿ ಮರಿ. ಆದಷ್ಟು ಜೋಡಿಯಾಗಿ ಕೊಡಿ. ಬರ್ತ್‌ಡೇ ಸರ್ಪ್ರೈಸ್ ಅಂದವರಿಗೆ ಬೇಡ ಅನ್ನಿ.

ಕಳಿಸುವಾಗ ಅದು ಮಲಗ್ತಿದ್ದ ಬಟ್ಟೆ ತೊಳೀದೆ ಜೊತೆಗೆ ಕೊಡಿ, ಅದೇ ಊಟ, ಅದೇ ಲಿಟರ್ ಒಂದು ವಾರಕ್ಕಾಗೋಷ್ಟು, ವ್ಯಾಕ್ಸಿನ್ ಕಾರ್ಡು, ತೂಕದ ಹಾಳೆ. ಮೂರು ದಿನ ಸೋಫಾ ಅಡಿಯಿಂದ ಬರಲ್ಲ, ಎಳೀಬೇಡಿ ಅಂತ ಮೊದಲೇ ಹೇಳಿ, ಇಲ್ಲಾಂದ್ರೆ ರಾತ್ರಿ ಹನ್ನೊಂದಕ್ಕೆ ನಿಮಗೆ ಫೋನ್ ಬರತ್ತೆ. ಆಮೇಲೆ ರೂಮು ಬ್ಲೀಚ್ ಹಾಕಿ ತೊಳೆದು, ಟವೆಲ್ಲೆಲ್ಲ ಬಿಸಿಲಿಗೆ ಹಾಕಿ, ತಕ್ಕಡಿ ಬ್ಯಾಟ್ರಿ ತೆಗೆದು ಬೇರೆ ಇಡಿ, ಒಳಗೇ ಬಿಟ್ರೆ ಸೋರಿ ಹಾಳಾಗತ್ತೆ.