ಎಫೆಸಸ್‌ನಲ್ಲಿ ಒಂದು ದಿನ: ಮೇಲಿನ ಗೇಟಿನಿಂದ ಶುರು ಮಾಡಿ

ಟರ್ಕಿಯ ಪಾಳುಬಿದ್ದ ಪ್ರಾಚೀನ ನಗರ ಎಫೆಸಸ್‌ಗೆ ನಡು ಮಧ್ಯಾಹ್ನ ಬಂದು, ಸುಡುವ ಬಿಸಿಲಲ್ಲಿ ಏದುಸಿರು ಬಿಡುತ್ತಾ ದಿಬ್ಬ ಹತ್ತುವವರೇ ಜಾಸ್ತಿ. ದಿನವನ್ನು ಸ್ವಲ್ಪ ಜೋಡಿಸಿಕೊಂಡರೆ ಈ ಪಾಡು ಬೇಕಿಲ್ಲ.

ಮೊದಲು, ಹಿಂದಿನ ರಾತ್ರಿಯೇ ಪಕ್ಕದ ಊರು ಸೆಲ್ಚುಕ್ ಸೇರಿಕೊಳ್ಳಿ. ಇಜ್ಮಿರ್‌ನ ಬಸ್ಮನೆ ನಿಲ್ದಾಣದಿಂದ ರೈಲಿದೆ, ಸುಮಾರು ಒಂದೂವರೆ ಗಂಟೆಯ ದಾರಿ. ಬೆಳಿಗ್ಗೆ ತಿಂಡಿ ಗಟ್ಟಿಯಾಗಿಯೇ ಆಗಲಿ: ಆಲಿವ್, ಬಿಳಿ ಚೀಸ್, ಟೊಮೆಟೊ, ಸೌತೆಕಾಯಿ, ಜೇನು, ಬ್ರೆಡ್ಡು. ಜೊತೆಗೆ ಹಾಲಿಲ್ಲದ ಕೆಂಪು ಚಹಾ.

ಇನ್ನು ಗೇಟಿನ ವಿಷಯ. ಇಲ್ಲಿ ಎರಡು ಗೇಟುಗಳಿವೆ. ಡೋಲ್ಮುಶ್ ಎನ್ನುವ ಮಿನಿಬಸ್ಸು ಕೆಳಗಿನ ಗೇಟಿಗೆ ಬಿಡುತ್ತದೆ. ನೀವು ಟ್ಯಾಕ್ಸಿ ಹಿಡಿದು ಮೇಲಿನ ಗೇಟಿಗೆ ಹೋಗಿ. ಇಳಿಜಾರಿನಲ್ಲಿ ನೋಡುತ್ತಾ ಬಂದು ಕೆಳಗೆ ಹೊರಬಿದ್ದರೆ, ವಾಪಸಾಗಲು ಡೋಲ್ಮುಶ್ ಅಲ್ಲೇ ಸಿಗುತ್ತದೆ. ಟೋಪಿ, ನೀರು ಮರೀಬೇಡಿ. ಚಪ್ಪಲಿ ಬೇಡ, ಶೂ ಹಾಕಿ. ಶತಮಾನಗಳ ಓಡಾಟಕ್ಕೆ ಸವೆದ ಅಮೃತಶಿಲೆ ಜಾರುತ್ತದೆ.

ಕ್ಯುರೆಟೀಸ್ ಬೀದಿ ಇಳಿದರೆ ಎದುರಿಗೇ ಸೆಲ್ಸಸ್ ಗ್ರಂಥಾಲಯ. ಎಲ್ಲರೂ ಫೋಟೊ ತೆಗೆದು ಹೊರಡುತ್ತಾರೆ. ನೀವು ಅರ್ಧ ಗಂಟೆ ಇಲ್ಲಿ ನಿಲ್ಲಿ. 2ನೇ ಶತಮಾನದಲ್ಲಿ ಅಕ್ವಿಲಾ ಎಂಬಾತ ತನ್ನ ತಂದೆ ಸೆಲ್ಸಸ್‌ನ ನೆನಪಿಗೆ ಕಟ್ಟಿಸಿದ್ದು. ಅಪ್ಪನ ಸಮಾಧಿಯೂ ಒಳಗೇ ಇದೆ. ನಡುವಿನ ಕಂಬಗಳಿಗಿಂತ ಅಂಚಿನವು ಗಿಡ್ಡ. ಕಟ್ಟಡ ಇರುವುದಕ್ಕಿಂತ ಅಗಲ ಕಾಣಲಿ ಎಂದು ಮಾಡಿದ ಕಣ್ಕಟ್ಟು ಅದು. ಒಳಗೋಡೆ, ಹೊರಗೋಡೆಗಳ ನಡುವೆ ಜಾಗ ಬಿಟ್ಟಿದ್ದಾರೆ, ಸುರುಳಿ ಪುಸ್ತಕಗಳಿಗೆ ತೇವ ತಾಗದಿರಲಿ ಅಂತ. ಮುಂಭಾಗ ಕುಸಿದು ಬಿದ್ದಿತ್ತು. 1970ರ ದಶಕದಲ್ಲಿ ಆಸ್ಟ್ರಿಯಾದ ತಜ್ಞರು ಅದನ್ನು ಮತ್ತೆ ಎತ್ತಿ ನಿಲ್ಲಿಸಿದರು. ಕಂಬಗಳ ನಡುವಿನ ಮೂರ್ತಿಗಳು ಪ್ರತಿಕೃತಿಗಳು, ಮೂಲ ವಿಯೆನ್ನಾದಲ್ಲಿವೆ.

ಅಲ್ಲೇ ಪಕ್ಕದ ಇಳಿಜಾರಿನಲ್ಲಿ ಸಿರಿವಂತರ ಮನೆಗಳಿವೆ. ಟಿಕೆಟ್‌ನಲ್ಲಿ ಅದೂ ಸೇರಿದೆಯಾ ಎಂದು ಮೊದಲೇ ಕೇಳಿಕೊಳ್ಳಿ. ಬೇರೆ ದುಡ್ಡು ಕೊಡಬೇಕಾದರೂ ನೋಡಿ ಅನ್ನುತ್ತೇನೆ. ಗೋಡೆಯ ಬಣ್ಣದ ಚಿತ್ರ, ನೆಲದ ಮೊಸಾಯಿಕ್ ಇನ್ನೂ ಉಳಿದಿವೆ. ಮೇಲೆ ಚಾವಣಿ ಬೇರೆ ಇದೆ, ನೆರಳು!

ಕೊನೆಗೆ ಸುಮಾರು 25,000 ಜನ ಕೂರಬಹುದಾಗಿದ್ದ ರಂಗಮಂದಿರ. ಮೇಲಿನ ಸಾಲಿಗೆ ಹತ್ತಿ. ನೇರ ರಸ್ತೆಯೊಂದು ಬಂದರಿನತ್ತ ಹೋಗುತ್ತದೆ, ಆದರೆ ಅಲ್ಲಿ ನೀರೇ ಇಲ್ಲ. ನದಿ ತಂದ ಹೂಳು ಬಂದರನ್ನು ಮುಚ್ಚಿತು, ಕಡಲು ಕಿಲೋಮೀಟರುಗಟ್ಟಲೆ ದೂರ ಸರಿಯಿತು. ವ್ಯಾಪಾರ ಹೋಯಿತು, ಊರೂ ಬರಿದಾಯಿತು.

ಊಟಕ್ಕೆ ಸೆಲ್ಚುಕ್ ಪೇಟೆಗೆ ಬನ್ನಿ. ಮಾಂಸ ತಿನ್ನುವವರು ಚೋಪ್ ಶಿಶ್ ಕೇಳಿ: ತೆಳು ಕಡ್ಡಿಗೆ ಪೋಣಿಸಿ ಕೆಂಡದ ಮೇಲೆ ಸುಟ್ಟ ಸಣ್ಣ ಮಾಂಸದ ತುಣುಕುಗಳು. ಸಸ್ಯಾಹಾರಿಗಳಿಗೆ ಗ್ಯೋಜ್ಲೆಮೆ ಸಿಗುತ್ತದೆ. ಉದ್ದನೆಯ ಕಡ್ಡಿಯಲ್ಲಿ ಹಿಟ್ಟನ್ನು ಪೇಪರಿನಷ್ಟು ತೆಳ್ಳಗೆ ಲಟ್ಟಿಸಿ, ಪಾಲಕ್ ಇಲ್ಲವೇ ಚೀಸ್ ಹರಡಿ, ಮಡಚಿ, ಕಬ್ಬಿಣದ ಹಂಚಿನ ಮೇಲೆ ಬೇಯಿಸುತ್ತಾರೆ. ಮಾಡುವವರ ಎದುರೇ ಕೂತರೆ ಬಿಸಿಬಿಸಿ ಸಿಗುತ್ತದೆ. ಜೊತೆಗೆ ಐರಾನ್ ಕುಡಿಯಿರಿ, ಉಪ್ಪು ಹಾಕಿದ ಮಜ್ಜಿಗೆಯೇ ಅದು. ಬೇಳೆ ಸೂಪಿನಲ್ಲಿ ಮಾಂಸದ ಸಾರು ಇರಬಹುದು, ಆದ್ದರಿಂದ ‘ಎತ್‌ಸಿಜ್?’ (ಮಾಂಸ ಇಲ್ಲದ್ದಾ?) ಎಂದು ಕೇಳಿಯೇ ತಿನ್ನಿ.

ಸಂಜೆ ಬಿಸಿಲು ಇಳಿದ ಮೇಲೆ ಗ್ರೀಕ್ ದೇವತೆ ಆರ್ಟೆಮಿಸ್ ದೇಗುಲದ ಜಾಗಕ್ಕೆ ನಡೆದೇ ಹೋಗಬಹುದು. ಪ್ರಾಚೀನ ಏಳು ಅದ್ಭುತಗಳಲ್ಲಿ ಒಂದಾಗಿದ್ದ ಇದರಲ್ಲಿ ಈಗ ನಿಂತಿರುವುದು ಒಂದೇ ಕಂಬ, ಅದೂ ಸಿಕ್ಕ ತುಂಡುಗಳನ್ನು ಪೇರಿಸಿದ್ದು. ಹತ್ತು ನಿಮಿಷ ಸಾಕು. ಹೊತ್ತು ಮಿಕ್ಕಿದ್ದರೆ 8 ಕಿ.ಮೀ. ದೂರದ ಶಿರಿಂಜೆ ಹಳ್ಳಿಗೆ ಹೋಗಿ. ಆದರೆ ವಾಪಸ್ ಬರುವ ಕೊನೆಯ ಡೋಲ್ಮುಶ್ ಎಷ್ಟು ಹೊತ್ತಿಗೆ ಎಂದು ಡ್ರೈವರನ್ನು ಇಳಿಯುವಾಗಲೇ ಕೇಳಿಟ್ಟುಕೊಳ್ಳಿ.