ಮಾಲ್ಡೀವ್ಸ್ ಪ್ರವಾಸೋದ್ಯಮದ ಪಾಠ: ಹೋಟೆಲ್ ಬಿಲ್ಲಿನಿಂದ ಶುರು ಮಾಡಿ

ಪ್ರವಾಸೋದ್ಯಮದ ಪಾಠ ಅಂದ ಕೂಡಲೇ ನೀಲಿ ಸಮುದ್ರದ ಫೋಟೊ ತೋರಿಸಲು ಹೋಗಬೇಡಿ. ಅವನ್ನೆಲ್ಲ ಮಕ್ಕಳು ಫೋನಿನಲ್ಲಿ ಆಗಲೇ ನೋಡಿರುತ್ತಾರೆ. ಬದಲಿಗೆ ಬೋರ್ಡ್ ಮೇಲೆ ಒಂದು ಬಿಲ್ ಬರೆಯಿರಿ.

ರೆಸಾರ್ಟಿನಲ್ಲಿ ಇಬ್ಬರಿಗೆ ಒಂದು ರಾತ್ರಿಗೆ 500 ಡಾಲರ್ ಅಂತ ಇಟ್ಟುಕೊಳ್ಳಿ. ಶೇ 10 ಸರ್ವಿಸ್ ಚಾರ್ಜ್ ಸೇರಿದರೆ 550. ಅದರ ಮೇಲೆ ಶೇ 17 ಪ್ರವಾಸೋದ್ಯಮ ಜಿಎಸ್‌ಟಿ, ಅಂದರೆ 93.50. ಗ್ರೀನ್ ಟ್ಯಾಕ್ಸ್ ದಿನಕ್ಕೆ ತಲಾ 12ರಂತೆ 24. ಒಟ್ಟು 667.50. ಕೂಡುವ ಕೆಲಸ ಮಕ್ಕಳದ್ದೇ ಆಗಲಿ. (ದರಗಳು ಬದಲಾಗುತ್ತಿರುತ್ತವೆ, ಕ್ಲಾಸಿಗೆ ಮುಂಚೆ ಒಮ್ಮೆ ನೋಡಿಕೊಳ್ಳಿ. 2025ಕ್ಕೆ ಮುಂಚೆ ಗ್ರೀನ್ ಟ್ಯಾಕ್ಸ್ ಬರೀ 6 ಡಾಲರ್ ಇತ್ತು.)

ಆಮೇಲೆ ಕೇಳಿ: ಈ ದುಡ್ಡೆಲ್ಲ ಎಲ್ಲಿಗೆ ಹೋಯಿತು? ಇಲ್ಲಿ ಆತುರ ಬೇಡ, ಇಡೀ ಪೀರಿಯಡ್ ಇದಕ್ಕೇ ಹೋದರೂ ಪರವಾಗಿಲ್ಲ. ಅಕ್ಕಿ, ತರಕಾರಿ, ಡೀಸೆಲ್ ಹಡಗಿನಲ್ಲಿ ಹೊರದೇಶದಿಂದ ಬರಬೇಕು, ಕೆಲಸಗಾರರಲ್ಲಿ ತುಂಬಾ ಜನ ಬಾಂಗ್ಲಾದೇಶ, ಭಾರತ, ಶ್ರೀಲಂಕಾದವರು, ಅವರು ಮನೆಗೆ ದುಡ್ಡು ಕಳಿಸುತ್ತಾರೆ, ಎಷ್ಟೋ ರೆಸಾರ್ಟ್ ನಡೆಸುವುದು ವಿದೇಶಿ ಹೋಟೆಲ್ ಕಂಪನಿಗಳು. ಒಂದೊಂದಕ್ಕೂ ದೇಶದಿಂದ ಹೊರಗೆ ಬಾಣ ಹಾಕಿಸಿ. ಒಳಗೆ ಉಳಿಯುವುದು ತೆರಿಗೆ, ಸರ್ಕಾರಕ್ಕೆ ಬರುವ ದ್ವೀಪದ ಬಾಡಿಗೆ, ಸ್ಥಳೀಯರ ಸಂಬಳ, ಅವರು ಹಿಡಿದು ಮಾರಿದ ಟ್ಯೂನಾ ಮೀನು. ಈ ಚಿತ್ರ ಅಳಿಸಬೇಡಿ, ಮುಂದೆ ಬೇಕಾಗುತ್ತದೆ.

ಈಗ ಮ್ಯಾಪ್ ತೆಗೆಯಿರಿ. ದ್ವೀಪಗಳು ಸುಮಾರು 1,200, ಊರುಗಳಿರುವುದು 200ಕ್ಕೂ ಕಡಿಮೆ ದ್ವೀಪಗಳಲ್ಲಿ. 1972ರಲ್ಲಿ ಮೊದಲ ರೆಸಾರ್ಟ್ ಕುರುಂಬಾ ಶುರುವಾಯಿತು, ಆಮೇಲೆ ಖಾಲಿ ದ್ವೀಪಕ್ಕೊಂದು ರೆಸಾರ್ಟ್ ಅನ್ನುವುದೇ ಪದ್ಧತಿಯಾಯಿತು. ಪ್ರವಾಸಿಗರು ಒಂದು ಕಡೆ, ಊರಿನವರು ಇನ್ನೊಂದು ಕಡೆ. 2009ರಲ್ಲಿ ನಿಯಮ ಸಡಿಲವಾದ ಮೇಲೆ ಮಾಫುಶಿಯಂಥ ಊರುಗಳಲ್ಲಿ ಗೆಸ್ಟ್‌ಹೌಸ್‌ಗಳು ಎದ್ದವು. ಆದರೆ ಊರಿರುವ ದ್ವೀಪದಲ್ಲಿ ಮದ್ಯ ಇಲ್ಲ, ಬಿಕಿನಿ ಹಾಕಲು ಬೇರೆಯೇ ಬೀಚ್.

ಇದು ಚರ್ಚೆಗೆ ಹೇಳಿ ಮಾಡಿಸಿದ ವಿಷಯ. ರೆಸಾರ್ಟ್ ಮಾಲೀಕ, ಗೆಸ್ಟ್‌ಹೌಸ್ ನಡೆಸುವಾಕೆ, ಮೀನುಗಾರ, ಊರಿನ ಹಿರಿಯ, ಪ್ರವಾಸಿ, ಹೀಗೆ ಪಾತ್ರ ಹಂಚಿ. ಹಿರಿಯನ ಪಾತ್ರವನ್ನು ಮಕ್ಕಳು ಸುಮ್ನೆ ತಮಾಷೆ ಮಾಡಿಬಿಡುತ್ತಾರೆ, ಹಾಗಾಗಿ ಅದನ್ನು ಚೆನ್ನಾಗಿ ಮಾತಾಡುವವರಿಗೇ ಕೊಡಿ.

ಸಮುದ್ರ ಮಟ್ಟದ ಬಗ್ಗೆ ಭಾಷಣ ಬೇಡ. ಗೋಡೆಯ ಮೇಲೆ ಒಂದೂವರೆ ಮೀಟರ್ ಎತ್ತರಕ್ಕೆ ಸೀಮೆಸುಣ್ಣದ ಗೆರೆ ಎಳೆಯಿರಿ. ಇಡೀ ದೇಶದ ಸರಾಸರಿ ಎತ್ತರ ಹೆಚ್ಚುಕಡಿಮೆ ಅಷ್ಟೇ ಅಂದರೆ ಸಾಕು.

ಪರೀಕ್ಷೆಗೆ ದಿನಾಂಕ, ಹೆಸರು ಕೇಳುವುದಕ್ಕಿಂತ ಎರಡು ಕೆಲಸ ಕೊಡಿ. ಒಂದು, ಗೆಸ್ಟ್‌ಹೌಸಿನ 60 ಡಾಲರ್ ಬಿಲ್ಲಿಗೆ ಅದೇ ಬಾಣದ ಚಿತ್ರ ಬರೆಯುವುದು. ಎರಡು, 2020ರ ಮಾರ್ಚ್ ಕೊನೆಯಿಂದ ಜುಲೈ ಮಧ್ಯದವರೆಗೆ ಪ್ರವಾಸಿಗರಿಗೆ ದೇಶವೇ ಮುಚ್ಚಿತ್ತಲ್ವಾ, ಆಗ ಯಾವ ಬಾಣ ಮೊದಲು ನಿಂತಿರಬೇಕು, ಯಾಕೆ ಅಂತ ವಿವರಿಸುವುದು. ಎರಡನೆಯದಕ್ಕೆ ಮಾರ್ಕ್ಸ್ ಜಾಸ್ತಿ ಇಡಿ.